ಉಸಿರು ಕೇಳುತ್ತಿದ್ದ ಆಯಿ

ಹೋದ ತಿಂಗಳು ನಮ್ಮ ಬಾಡಿಗೆ ಮನೆಯ ಒಡತಿ ಆಯಿ ತೀರಿಕೊಂಡರು. ಎಂಬತ್ತು ದಾಟಿತ್ತು, ನಡುವೆ ಸಣ್ಣ ಜ್ವರ ಬಂದದ್ದೇ ನೆಪವಾಯಿತು. ಮಣ್ಣಿಗೆ ಬಂದ ಹೆಂಗಸರೆಲ್ಲ ಒಂದೇ ಮಾತು ಆಡುತ್ತಿದ್ದರು: "ಕಡೀತನಕಾ ದಮ್ಮ ಹತ್ತಲಿಲ್ಲ ನೋಡ. ಪುಣ್ಯವಂತಿ ಮುದುಕಿ." ಅದನ್ನು ಕೇಳಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ತನ್ನ ಉಸಿರು ಚೆನ್ನಾಗಿದ್ದು ತನ್ನವರ ಉಸಿರು ಕೆಡುತ್ತ ಬಂದದ್ದೇ ಆ ಹೆಂಗಸಿನ ಜೀವಮಾನದ ಸಂಕಟವಾಗಿತ್ತು ಎಂದು ಅವರಿಗೆ ಯಾರು ಹೇಳಬೇಕು? ಆಯಿಯ ಮಗ ಗೋಡೆಗೆ ಆತು ಕುಳಿತಿದ್ದರು, ಮೂಗಿಗೆ ನಳಿಕೆ, ಪಕ್ಕದಲ್ಲಿ ಆಕ್ಸಿಜನ್ ಮಷಿನ್ನು. ಲೈಟು ಹೋದರೆ ಗತಿಯೇನು ಎಂದು ನಾನು ಆಗಾಗ ಫ್ಯಾನು ತಿರುಗುತ್ತಿದೆಯೇ ಎಂದು ನೋಡುತ್ತಿದ್ದೆ. ಈ ಚಟ ನನಗೆ ಆಯಿಯಿಂದ ಹತ್ತಿದ್ದು.

ನಾನು ಗಡಿಯಾಚೆ ಮರಾಠಿ ಸೀಮೆಯ ಸಂಖದ ಕನ್ನಡ ಶಾಲೆಗೆ ವರ್ಗವಾಗಿ ಬಂದಾಗ ಬಾಡಿಗೆ ಮನೆ ಕೇಳಿಕೊಂಡು ಅವರ ಬಾಗಿಲಿಗೆ ಹೋಗಿದ್ದೆ. ಹಳೆಯ ವ್ಯಾಪಾರಸ್ಥರ ಮನೆತನ. ಮುಂದೆ ಕಿರಾಣಿ ಅಂಗಡಿ, ಹಿಂದೆ ಅವರಿರುವ ಮನೆ, ಮೇಲೆ ಎರಡು ಖೋಲಿ. ಬೇರೆ ಯಾರಾದರೂ ಆಗಿದ್ದರೆ ನೀವು ಯಾವ ಪೈಕಿ, ಯಜಮಾನರು ಏನು ಮಾಡುತ್ತಾರೆ ಎಂದೆಲ್ಲ ಕೇಳುತ್ತಿದ್ದರು. ಆಯಿ ಅದೇನನ್ನೂ ಕೇಳಲಿಲ್ಲ.

"ಮ್ಯಾಲಿನ ಖೋಲಿ ನೋಡಿ ಬರ್ರಿ, ಅಕ್ಕೋರ. ಲಗೂನ ಏರ್ರಿ."

ಏರಿದೆ, ನೋಡಿದೆ, ಇಳಿದು ಬಂದೆ. ಇಳಿದದ್ದೇ ತಡ, "ಈಗ ನಿಮ್ಮ ತವರಮನಿ ಮಂದಿ ಹೆಸರ ಹೇಳ್ರಿ, ನಡುವ ನಿಲ್ಲಬ್ಯಾಡ್ರಿ" ಎಂದರು. ಇದೆಂಥ ಪರೀಕ್ಷೆಯೋ ಎಂದುಕೊಂಡು ಅವ್ವ, ಅಪ್ಪ, ಅಣ್ಣ, ವೈನಿ, ಅವರ ಮಕ್ಕಳು ಎಂದು ಹೇಳುತ್ತ ಹೋದೆ. ಅವರ ಕಿವಿ ಹೆಸರುಗಳ ಮೇಲೆ ಇರಲಿಲ್ಲ. ಕಣ್ಣು ನನ್ನ ಕುತ್ತಿಗೆಯ ಕುಳಿಯ ಮೇಲಿತ್ತು. ಕಡೆಗೆ "ಹ್ಞೂಂ, ಇರ್ರಿ" ಎಂದರು. ಮನೆ ಸಿಕ್ಕಿತು. ಮುದುಕಿಗೆ ಎಲ್ಲೋ ತುಸು ತಲೆ ಕೆಟ್ಟಿದೆ ಎಂದು ಗಂಡನ ಮುಂದೆ ನಕ್ಕಿದ್ದೆ. ವರ್ಷ ಕಳೆದ ಮೇಲೆ ಅವರೇ ಕಾರಣ ಹೇಳಿದರು. "ಮ್ಯಾಲಿನವರು ಕೆಮ್ಮಿದರೂ ಊರಾಗ ಕೆಳಗಿನವರ ಹೆಸರಿಗೇ ಬರತೈತಿ. ಗಡಿಗಿ ಬಾಯಿ ಮುಚ್ಚಬಹುದು, ಮಂದಿ ಬಾಯಿ ಮುಚ್ಚಾಕ ಆಗತೈತೇನ್ರಿ?"

ಹೊಗೆ, ಧೂಳು, ಘಾಟು ಈ ಮೂರರ ಜೊತೆ ಅವರದು ಹುಟ್ಟಾ ಜಗಳ. ಅಂಗಳಕ್ಕೆ ನೀರು ಚಿಮುಕಿಸದೆ ಕಸಬರಿಗೆ ಮುಟ್ಟುವಂತಿಲ್ಲ. ದೇವರ ಮನೆಯಲ್ಲಿ ಊದಿನಕಡ್ಡಿ ಇಲ್ಲ, ಕರ್ಪೂರವಿಲ್ಲ, ಬರೀ ಎಣ್ಣೆದೀಪ. ಸೋಮವಾರ ಭಿಕ್ಷೆಗೆ ಬರುವ ಅಯ್ಯನವರು ಇದೇನು ತಾಯಿ, ದೇವರಿಗೆ ವಾಸನೆ ಬೇಡವೇ ಎಂದು ಒಮ್ಮೆ ಕೇಳಿದರಂತೆ. "ದೇವರಿಗೂ ಮೂಗ ಐತ್ರಿ, ಅಯ್ಯಾರ. ಅವನೂ ಉಸುರಾಡಬೇಕಲ್ಲ" ಎಂದು ಆಯಿ ಹಿಟ್ಟು ನೀಡಿ ಕಳಿಸಿದರು. ಅಂಗಡಿಯಲ್ಲಿ ಸಕ್ಕರೆ, ಬೇಳೆ, ಸೋಪು ಎಲ್ಲ ಸಿಗುತ್ತಿತ್ತು, ಒಣಮೆಣಸಿನಕಾಯಿ ಮಾತ್ರ ಸಿಗುತ್ತಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಮೆಣಸಿನಕಾಯಿ ಇಲ್ಲವೆಂದರೆ ಯಾರಾದರೂ ನಗುತ್ತಾರೆ. ಆದರೆ ಆಯಿಯ ಯಜಮಾನರು ನಲವತ್ತೈದಕ್ಕೇ ದಮ್ಮಿನಲ್ಲಿ ಹೋಗಿದ್ದರು. ಬೀಡಿ ಸೇದಿದವರಲ್ಲ, ತಂಬಾಕು ಮುಟ್ಟಿದವರಲ್ಲ. ಮೆಣಸಿನಕಾಯಿ ಚೀಲದ ಘಾಟೇ ಅವರನ್ನು ತಿಂದಿತು ಎಂದು ಆಯಿ ತೀರ್ಮಾನಿಸಿದ್ದರು. ಗಂಡನ ದಿನಗಳು ಮುಗಿದ ಮೇಲೆ ಅಂಗಡಿಯಲ್ಲಿದ್ದ ಚೀಲಗಳನ್ನೆಲ್ಲ ಬೇರೆಯವರಿಗೆ ಸಾಗಹಾಕಿಸಿದರಂತೆ.

ನಮ್ಮ ಕಡೆ ದ್ರಾಕ್ಷಿ ಒಣಗಿಸಿ ಬೇದಾಣಾ ಮಾಡುತ್ತಾರಲ್ಲ, ಆ ಶೆಡ್ಡು ಅವರಿಗೂ ಇತ್ತು. ಕಾಯಿ ಹಳದಿ ಬಣ್ಣ ಹಿಡಿಯಲೆಂದು ಒಳಗೆ ಗಂಧಕ ಹೊತ್ತಿಸುತ್ತಾರೆ. ಬೇಸಗೆಯ ಆ ದಿನಗಳಲ್ಲಿ ಆಯಿ ಮಗನನ್ನು ಶೆಡ್ಡಿನ ದಾರಿ ಹಿಡಿಯಲೂ ಬಿಡುತ್ತಿರಲಿಲ್ಲ. ಮೀಸೆ ಬಂದ, ಬೆಳೆದ ಮಗಳಿರುವ ಗಂಡಸು ಅವ್ವನ ಮಾತಿಗೆ ಅಂಗಡಿಯಲ್ಲೇ ಕುಳಿತಿರುತ್ತಿದ್ದರು. ಓಣಿಯವರು ಚೇಷ್ಟೆ ಮಾಡುತ್ತಿದ್ದರು, ಅವರು ನಕ್ಕು ಬಿಡುತ್ತಿದ್ದರು. ನಾನು ಅವರನ್ನು ಅಣ್ಣಾರು ಎನ್ನುತ್ತಿದ್ದೆ. ಅಷ್ಟು ಸಮಾಧಾನದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಇಷ್ಟೆಲ್ಲ ಕಾದರೂ ಅಣ್ಣಾರಿಗೆ ನಲವತ್ತರ ಹತ್ತಿರಕ್ಕೆ ಕೆಮ್ಮು ಬಂತು. ಮೊದಲು ನೆಗಡಿ ಎಂದರು, ಆಮೇಲೆ ಅಲರ್ಜಿ ಎಂದರು. ಆಯಿ ನನಗೂ ತಾಕೀತು ಮಾಡಿದ್ದರು: "ಯಾರರ ಕೇಳಿದ್ರ ಅಲರ್ಜಿ ಅನ್ರಿ, ಅಕ್ಕೋರ. ದಮ್ಮ ಅನ್ನೂ ಶಬ್ದ ಈ ಮನ್ಯಾಗ ಬ್ಯಾಡ." ಅಣ್ಣಾರು ಗೋದಾಮಿನ ಹಿಂದೆ ಹೋಗಿ ದಮ್ಮಿನ ಔಷಧದ ಪಂಪು ಎಳೆದುಕೊಂಡು ಬರುತ್ತಿದ್ದರು. ಮನೆಗೆ ಬೀಗರು ಬಂದಾಗಂತೂ ನೋಡಬೇಕಿತ್ತು ಆಯಿಯ ಪಾಡು. ಒಳಗೆ ಮಗ ಕೆಮ್ಮಲು ಸುರುಮಾಡಿದರೆ ಸಾಕು, ಹೊರಗೆ ಇವರು ಸೊಸೆಯ ಮೇಲೆ ದನಿ ಎತ್ತುತ್ತಿದ್ದರು. ಹಾಲು ಉಕ್ಕಿತು, ಬೆಕ್ಕು ಬಂತು, ನೀರು ಹರಿದು ಹೋಯಿತು ಎಂದು ಏನಾದರೊಂದು. ಕೆಮ್ಮು ನಿಂತರೆ ಬೈಗುಳವೂ ನಿಲ್ಲುತ್ತಿತ್ತು. ಸೊಸೆ ಪಾಪ, ಆಯಿಯ ತಮ್ಮನ ಮಗಳೇ, ಏಕೆ ಬೈಸಿಕೊಳ್ಳುತ್ತಿದ್ದೇನೆ ಎಂದು ಗೊತ್ತಿದ್ದು ತಲೆ ತಗ್ಗಿಸಿಕೊಂಡು ನಿಲ್ಲುತ್ತಿದ್ದಳು. ಮೊದಮೊದಲು ನನಗೆ ನಗು ಬರುತ್ತಿತ್ತು. ಬರಬರುತ್ತ ಬೈಗುಳದ ಹೊತ್ತು ಉದ್ದವಾಗುತ್ತ ಹೋಯಿತು, ನನ್ನ ನಗು ನಿಂತಿತು.

ಒಂದು ರಜೆಯ ದಿನ ಬೇದಾಣಾದ ತೊಟ್ಟು ಬಿಡಿಸುತ್ತ ಕುಳಿತಾಗ ನಾನು ಕೇಳಿಯೇಬಿಟ್ಟೆ, ಇಷ್ಟು ಮುಚ್ಚಿಡುವುದು ಯಾತಕ್ಕೆ ಆಯಿ ಎಂದು. ಆಯಿ ತೊಟ್ಟು ಬಿಡಿಸುತ್ತಲೇ ಹೇಳಿದರು. ಅವರು ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು, ಅಂದರೆ ತಾಯಿಯ ತಮ್ಮನನ್ನು. ಅವರು ಹೊಸ ಸೊಸೆಯಾಗಿದ್ದಾಗ ನಾದಿನಿಯನ್ನು ನೋಡಲು ಹೊರಗಿನ ಬೀಗರು ಬಂದಿದ್ದರು. ಹುಡುಗಿಗೆ ಹಾಡು ಹೇಳು ಎಂದರು. ಅರ್ಧ ಹಾಡಿಗೆ ಹುಡುಗಿಗೆ ದಮ್ಮು ಹತ್ತಿ ಮೈ ಬೆವತು ಕುಳಿತುಬಿಟ್ಟಳು. ಬಂದವರು ಅವಲಕ್ಕಿ ತಿಂದು ಎದ್ದು ಹೋದರು, ಹೋದ ಕಡೆಯೆಲ್ಲ ಹೇಳಿದರು. ಆ ಹುಡುಗಿಗೆ ಮುಂದೆ ಒಂದು ಸಂಬಂಧವೂ ಬರಲಿಲ್ಲ. ಅದೇ ಮನೆಯಲ್ಲಿ, ಅದೇ ಪಡಸಾಲೆಯಲ್ಲಿ ತೇಕುತ್ತ ತೇಕುತ್ತ ಸತ್ತಳು.

"ಅವತ್ತ ಆಣಿ ಮಾಡಿದೆ ನೋಡ್ರಿ. ನಮ್ಮ ಹೆಣ್ಣ ನಮ್ಮೊಳಗ, ನಮ್ಮ ಗಂಡ ನಮ್ಮೊಳಗ. ಹೊರಗಿನವರು ಬಂದ್ರ ಕೇಳತಾರ, ನೋಡತಾರ, ಎಣಿಸತಾರ. ಒಳಗಿನವರಾದ್ರ ಹೊಟ್ಟ್ಯಾಗ ಹಾಕ್ಕೋತಾರ."

ಆಣೆಯಂತೆಯೇ ನಡೆದಿದ್ದರು. ಮಗನಿಗೆ ತಮ್ಮನ ಮಗಳನ್ನು ತಂದರು. ಮಗಳನ್ನು ಬಿಳೂರಿಗೆ, ಬಳಗದಲ್ಲೇ ಕೊಟ್ಟರು. ಆ ಮಗಳ ಮಗ ಮಹಾಂತೇಶನಿಗೆ ಈ ಮಗನ ಮಗಳು ಅಕ್ಷತಾ ಎಂದು ಇಬ್ಬರೂ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಹಿರಿಯರು ಹಾಕಿದ ಗಂಟು ಎಂದು ಆ ಮಕ್ಕಳು ಒಪ್ಪಿಕೊಂಡದ್ದಲ್ಲ. ಅವರಿಗೆ ಒಬ್ಬರೆಂದರೆ ಒಬ್ಬರಿಗೆ ಜೀವ. ಅಕ್ಷತಾ ನನ್ನ ಖೋಲಿಯ ಮುಂದಿನ ಕಟ್ಟೆಯಲ್ಲಿ ಕುಳಿತು ಫೋನಿನಲ್ಲಿ ಅವನ ಜೊತೆ ನಗುವುದನ್ನು ನಾನು ದಿನಾ ಕೇಳುತ್ತಿದ್ದೆ.

ಅಣ್ಣಾರಿಗೆ ಅಂಗಡಿಯಲ್ಲಿ ಸಕ್ಕರೆ ತೂಗುವಷ್ಟರಲ್ಲೇ ತುಟಿ ನೀಲಿಯಾದ ದಿನ ಇನ್ನು ಮುಚ್ಚಿಡುವಂತಿರಲಿಲ್ಲ. ಮಿರಜಿನ ದೊಡ್ಡ ಆಸ್ಪತ್ರೆಗೆ ಹೊರಟೆವು. ಆಯಿಗೆ ಓದಿದವರೊಬ್ಬರು ಜೊತೆಗಿರಲಿ ಎಂಬ ಆಸೆ, ಹಾಗಾಗಿ ನಾನೂ ಹೋದೆ. ಪುಪ್ಪುಸದ ಡಾಕ್ಟರು ಇನ್ನೂ ಎಳೆಯ ವಯಸ್ಸಿನ ಹೆಣ್ಣುಮಗಳು. ಬೀಡಿ ಇಲ್ಲ, ಸಿಗರೇಟಿಲ್ಲ, ಈ ವಯಸ್ಸಿಗೆ ಎದೆ ಇಷ್ಟು ಹೇಗೆ ಸವೆಯಿತು ಎಂದು ಅವರಿಗೆ ಸಂಶಯ ಬಂತು. ರಕ್ತ ತೆಗೆದು ದೂರದ ಲ್ಯಾಬಿಗೆ ಕಳಿಸಿದರು. ಮುಂದೆ ಮತ್ತೊಮ್ಮೆ ಕರೆದಾಗ ಮರಾಠಿಯಲ್ಲಿ ಸಾವಕಾಶವಾಗಿ ತಿಳಿಸಿದರು. ಪುಪ್ಪುಸವನ್ನು ಕಾಯುವ ಒಂದು ಪ್ರೋಟೀನು ಎಲ್ಲರ ರಕ್ತದಲ್ಲೂ ಇರುತ್ತದೆ, ಇವರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅಂಥವರ ಎದೆಯನ್ನು ಹೊಗೆ, ಧೂಳು ಬೇಗ ತಿನ್ನುತ್ತವೆ. ಇದು ಹೊರಗಿನಿಂದ ಹತ್ತಿದ್ದಲ್ಲ, ಹುಟ್ಟಿನಿಂದ ಬಂದದ್ದು.

ಆಯಿ ಕುರ್ಚಿಯ ತುದಿಗೆ ಬಂದು ಕುಳಿತರು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಅದು ನಮ್ಮ ಮನ್ಯಾರಿಂದ ಬಂತೋ, ನನ್ನಿಂದ ಬಂತೋ?"

ತಂದೆಯಿಂದಲೂ ತಾಯಿಯಿಂದಲೂ, ಎರಡೂ ಕಡೆಯಿಂದ ಬಂದರೆ ಮಾತ್ರ ಹೀಗಾಗುತ್ತದೆ ಎಂದರು ಡಾಕ್ಟರು. ಒಂದೇ ಕಡೆಯಿಂದ ಬಂದವರು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತಾರೆ, ಗೊತ್ತೂ ಆಗುವುದಿಲ್ಲ.

"ನನಗ ಏನೂ ಆಗಿಲ್ಲಲ್ರಿ. ನೆಗಡಿ ಸೈತ ಬರೂದಿಲ್ಲ."

"ನಿಮ್ಮಲ್ಲಿ ಒಂದೇ ಇರಬೇಕು ಅಜ್ಜಿ. ನಿಮ್ಮ ಯಜಮಾನರು ಸಂಬಂಧದವರೇ?"

"ನಮ್ಮವ್ವನ ತಮ್ಮ."

ಡಾಕ್ಟರು ತಲೆಯಾಡಿಸಿದರು. ಆಯಿಗೆ ತಿಳಿಯಿತು. ತಿಳಿದದ್ದು ನನಗೂ ಕಂಡಿತು. ಇಷ್ಟು ವರ್ಷ ಆ ಜಡ್ಡು ಗಂಡನ ಕಡೆಯದು, ಮೆಣಸಿನಕಾಯಿಯದು, ಗಂಧಕದ್ದು ಎಂದು ಬೈಯುತ್ತ ಬಂದಿದ್ದರು. ಅರ್ಧ ಪಾಲು ತಮ್ಮ ಹೊಟ್ಟೆಯದೇ ಎಂದು ಈಗ ಯಾರೋ ಹುಡುಗಿ ಎದುರಿಗೆ ಕುಳಿತು ಹೇಳಿದ್ದಳು. ಡಾಕ್ಟರು ಒಳ್ಳೆಯ ಮಾತನ್ನೂ ಹೇಳಿದರು. ನೀವು ಹೊಗೆಯಿಂದ ದೂರ ಇಟ್ಟಿದ್ದರಿಂದಲೇ ನಿಮ್ಮ ಮಗ ಇಷ್ಟು ವರ್ಷ ತಡೆದಿದ್ದಾರೆ ಎಂದರು. ಆ ಮಾತು ಆಯಿಯ ಕಿವಿಗೆ ಬೀಳಲೇ ಇಲ್ಲ. ಬರುವಾಗ ಜತ್ತ ದಾಟುವತನಕ ಕಿಟಕಿಯ ಹೊರಗೆ ನೋಡುತ್ತಿದ್ದು, ಕಡೆಗೆ ತಮ್ಮಷ್ಟಕ್ಕೆ ಎಂಬಂತೆ ಅಂದರು: "ಬೇಲಿನ ಎದ್ದು ಹೊಲಾ ಮೇಯ್ದಂಗ ಆತಲ್ರಿ, ಅಕ್ಕೋರ. ಮುಚ್ಚಬೇಕಂತ ಒಳಗೊಳಗ ಕೊಟ್ಟು ತಗೊಂಡೆ. ಅದರಿಂದನ ಬೆಳೀತು."

ನನ್ನ ಗಂಡ ನನ್ನ ಸೋದರತ್ತೆಯ ಮಗ. ಮನೆಗೆ ಬಂದವಳೇ ಓದಿಕೊಳ್ಳುತ್ತಿದ್ದ ನನ್ನ ಇಬ್ಬರು ಮಕ್ಕಳ ಹಿಂದೆ ನಿಂತು ಅವರ ಉಸಿರು ಕೇಳಿದೆ. ಏನೂ ಇರಲಿಲ್ಲ. ಆದರೂ ಅವತ್ತು ಊಟ ಸೇರಲಿಲ್ಲ.

ಅಕ್ಷತಾ ಮತ್ತು ಮಹಾಂತೇಶನ ರಕ್ತವನ್ನೂ ನೋಡುವುದು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಆಯಿ ಮೊದಲು ಸುತಾರಾಂ ಒಪ್ಪಲಿಲ್ಲ. ಮದುವೆಯ ಮುಂದೆ ಹುಡುಗ ಹುಡುಗಿ ರಕ್ತ ಕೊಟ್ಟರೆಂದು ತಿಳಿದರೆ ಜನ ಏನೆಲ್ಲ ಹುಟ್ಟಿಸುತ್ತಾರೋ ಎಂಬ ಅಂಜಿಕೆ. ಆದರೆ ಅಂಜಿಕೆಗೆ ಅಂಜಿಕೆಯೇ ಮದ್ದಾಯಿತು. ತಿಳಿಯದೆ ಇರುವ ಅಂಜಿಕೆಯನ್ನೂ ತಡೆಯಲಾರದೆ ಒಂದು ದಿನ ಬೆಳಗ್ಗೆ ತಾವೇ ಇಬ್ಬರನ್ನೂ ಗಾಡಿಯಲ್ಲಿ ಕೂಡಿಸಿಕೊಂಡು ಹೋದರು. ಉತ್ತರ ಬರುವತನಕ ಆ ಮನೆಯಲ್ಲಿ ಫೋನು ಹೊಡೆದುಕೊಂಡರೆ ಎಲ್ಲರೂ ನಿಂತಲ್ಲೇ ನಿಲ್ಲುತ್ತಿದ್ದರು. ನಾನು ಶಾಲೆಯಿಂದ ಬಂದಾಗ ಮೊದಲು ಆಯಿಯ ಮುಖ ನೋಡುತ್ತಿದ್ದೆ.

ಬಂತು. ಅಕ್ಷತಾಳಲ್ಲಿ ಒಂದು ಕಡೆಯದು ಮಾತ್ರ ಇದೆ, ಅವಳಿಗೆ ಭಯವಿಲ್ಲ. ಮಹಾಂತೇಶನಲ್ಲೂ ಒಂದು ಕಡೆಯದು ಇದೆ, ಅವನಿಗೂ ಭಯವಿಲ್ಲ. ಇಬ್ಬರೂ ಕೂಡಿದರೆ ಹುಟ್ಟುವ ಪ್ರತಿ ಕೂಸಿಗೂ ನಾಲ್ಕರಲ್ಲಿ ಒಂದು ಪಾಲು ಅಣ್ಣಾರಂತೆ ಆಗುವ ಸಂಭವ. ಆಗಲೂಬಹುದು, ಆಗದೆಯೂ ಇರಬಹುದು. ಯಾವುದನ್ನೂ ಖಾತ್ರಿಯಾಗಿ ಹೇಳಲು ಬರುವುದಿಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು.

ಸಾಖರಪುಡಾ, ಅಂದರೆ ನಿಶ್ಚಯದ ಸಕ್ಕರೆ ಕೊಡುವ ಶಾಸ್ತ್ರ, ಆ ಭಾನುವಾರಕ್ಕೇ ಗೊತ್ತಾಗಿತ್ತು. ಬಿಳೂರಿನ ಮಗಳು ಓಡಿ ಬಂದಳು. "ನಾಕರಾಗ ಒಂದ ಅಂದ್ರ ಮೂರ ಚಲೋನೂ ಆಗತಾವಲ್ಲವಾ. ಅದನ್ನ ಹಿಡಕೊಂಡ ಯಾಕ ಕುಂದರತಿ? ಸುಮ್ನ ಇರು. ಯಾರಿಗೂ ತಿಳಿಯೂದಿಲ್ಲ." ಆಯಿ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಸಕ್ಕರೆ ಬಂತು, ಸೀರೆ ಬಂತು, ಬಳಗದವರು ಬಂದರು. ಅವರು ಒಪ್ಪಿಕೊಂಡರು ಎಂದೇ ನಾವೆಲ್ಲ ತಿಳಿದೆವು.

ಪಡಸಾಲೆ ತುಂಬಿತ್ತು. ಅಯ್ಯನವರು ಬಂದಿದ್ದರು, ಓಣಿಯ ಹಿರಿಯರಿದ್ದರು, ಅಂಗಡಿಯ ಹಳೆಯ ಗಿರಾಕಿಗಳಿದ್ದರು. ತಾಟು ಎತ್ತುವ ಹೊತ್ತಿಗೆ ಅಣ್ಣಾರಿಗೆ ಕೆಮ್ಮು ಬಂತು. ಆಯಿ ಸೊಸೆಯನ್ನು ಬೈಯುತ್ತಾರೆ ಎಂದು ನಾನು ಕಾದೆ, ಸೊಸೆಯೂ ಕಾದಳು. ಬೈಯಲಿಲ್ಲ. ಕೆಮ್ಮು ಪೂರ್ತಿ ಮುಗಿಯುವತನಕ ಎಲ್ಲರಿಗೂ ಕೇಳಲಿ ಎಂಬಂತೆ ಸುಮ್ಮನೆ ನಿಂತಿದ್ದರು. ಆಮೇಲೆ ಸೆರಗು ಹೊದ್ದುಕೊಂಡು ನಡುವೆ ಬಂದರು.

"ಕೂಡಿದವರು ಒಂದ ಮಾತ ಕೇಳ್ರಿ. ನಮ್ಮ ಮನಿ ರಕ್ತದಾಗ ದಮ್ಮಿನ ಜಡ್ಡ ಐತಿ. ನಮ್ಮ ಮನ್ಯಾರು ಅದರಾಗ ಹೋದ್ರು. ನಮ್ಮ ನಾದಿನಿ ಅದರಾಗ ಹೋದ್ಳು. ಈಗ ನನ್ನ ಮಗಗ ಬಂದೈತಿ. ಖಾರದ ಘಾಟ ಅಂದೆ, ಗಂಧಕ ಅಂದೆ, ಅಲರ್ಜಿ ಅಂದೆ. ಎಲ್ಲಾ ಸುಳ್ಳ ಹೇಳೀನಿ. ಈ ಎರಡೂ ಮಕ್ಕಳ ರಕ್ತದಾಗೂ ಅದರ ಬೀಜ ಐತಿ, ನಾನ ಕೊಟ್ಟಿದ್ದು. ಅವು ಕೂಡಿದ್ರ ಅದೂ ಕೂಡತೈತಿ. ಈ ಲಗ್ನ ಮಾತ ಕೊಟ್ಟಾಕಿ ನಾನ, ಮುರಿಯಾಕೀನೂ ನಾನ."

ಬಿಳೂರಿನ ಮಗಳು ಅಳುತ್ತ ಎದ್ದು ಹೋದಳು. ಮಹಾಂತೇಶ ಅಕ್ಷತಾಳನ್ನು ನೋಡಿದ, ಅವಳು ಸಕ್ಕರೆಯ ತಾಟನ್ನು ನೋಡುತ್ತಿದ್ದಳು. ಮಕ್ಕಳನ್ನು ಒಂದು ಮಾತೂ ಕೇಳದೆ ಊರ ಮುಂದೆ ಹಾಗೆ ಮುರಿದದ್ದು ಸರಿಯೋ ತಪ್ಪೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವತ್ತು ಆಯಿಯ ಮೇಲೆ ನನಗೆ ಬಹಳ ಸಿಟ್ಟು ಬಂದಿತ್ತು. ಒಂದು ಮಾತ್ರ ನಿಜ. ಆಮೇಲಿನ ತಿಂಗಳುಗಳಲ್ಲಿ ಎಷ್ಟೋ ಮಂದಿ ಅಂಗಡಿಯ ಹಿಂದಿನ ಬಾಗಿಲಿಂದ ಬಂದು, ನಮ್ಮ ಮನೆಯಲ್ಲೂ ಹೀಗೇ ಒಬ್ಬರಿದ್ದಾರೆ, ಆ ಡಾಕ್ಟರು ಎಲ್ಲಿ ಕೂಡುತ್ತಾರೆ ಎಂದು ಕೇಳಿ ಹೋದರು. ದರಿಬಡಚಿಯಿಂದ ಒಬ್ಬಾಕೆ ಎರಡು ಕೂಸುಗಳನ್ನು ಕಟ್ಟಿಕೊಂಡು ಬಂದಿದ್ದಳು. ಅಕ್ಷತಾಳಿಗೆ ಹೊರಗಿನ ಸಂಬಂಧಗಳೂ ಬಂದವು. ಬಂದವರು ಚಹಾ ಕುಡಿಯುವ ಮೊದಲೇ ಆಯಿ ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಚಹಾ ಕುಡಿದು ಹೋದವರು ತಿರುಗಿ ಬರುತ್ತಿರಲಿಲ್ಲ. ಅವಳಿಗೆ ಇನ್ನೂ ಮದುವೆಯಾಗಿಲ್ಲ, ಮಹಾಂತೇಶನಿಗೂ ಆಗಿಲ್ಲ.

ಸಾಖರಪುಡಾ ಮುರಿದ ಮೇಲೆ ಅಕ್ಷತಾ ಆಯಿಯ ಜೊತೆ ಮಾತು ಬಿಟ್ಟಿದ್ದಳು. ಎಷ್ಟೋ ದಿನದ ಮೇಲೆ ಒಂದು ಮಧ್ಯಾಹ್ನ ನಾನು ಕೆಳಗೆ ಹೋದಾಗ ಅಣ್ಣಾರು ಹೊರಸಿನ ಮೇಲೆ ಕಣ್ಣು ಮುಚ್ಚಿ ಒರಗಿದ್ದರು. ಆಯಿ ಮೊಮ್ಮಗಳ ಮುಂದೆ ಊಟದ ತಾಟು ಇಟ್ಟರು. ಅವಳು ತಾಟು ಸರಿಸಿದಳು.

"ಆಯಿ, ಒಂದ ಕೇಳತೀನಿ. ನೀ ನಿನ್ನ ಮಾವನ್ನ ಲಗ್ನ ಆಗದ ಇದ್ರ ನಮ್ಮಪ್ಪಗ ಈ ಜಡ್ಡ ಬರತಿದ್ದಿಲ್ಲ. ಹೌದಿಲ್ಲೋ?"

"ಹೌದವಾ."

"ನಮ್ಮಪ್ಪನೂ ಇರತಿದ್ದಿಲ್ಲ. ನಾನೂ ಇರತಿದ್ದಿಲ್ಲ. ಹಂಗಾರ ನಾವು ಹುಟ್ಟಬಾರದಿತ್ತೇನು?"

ಆಯಿ ಗೋಡೆ ಹಿಡಿದುಕೊಂಡರು. "ನೀ ಇಲ್ಲದ ಮನಿ ನಾ ನೆನಸಾಂಗೂ ಇಲ್ಲವಾ. ಆದ್ರ ನಿಮ್ಮಪ್ಪನ್ನ ಹಡದಾಗ ನನಗ ಗೊತ್ತಿರಲಿಲ್ಲ. ಗೊತ್ತಿಲ್ದ ಹಡದಾಕಿನ ಇಷ್ಟ ವರ್ಷ ಅಂಜಕೋತ ಬದಕೀನಿ. ನೀ ಗೊತ್ತಿದ್ದು ಹಡದು ಹೆಂಗ ಬದಕತಿ?"

ಹೊರಸು ಕಿರ್ರೆಂದಿತು. ಅಣ್ಣಾರು ಎದ್ದು ಕುಳಿತಿದ್ದರು. ಅವರಿಗೆ ಎಲ್ಲ ಕೇಳಿಸಿತ್ತು.

"ಅವ್ವಾ," ಎಂದರು. ಉಸಿರು ತೆಗೆದುಕೊಂಡರು. "ನಾ ಹುಟ್ಟಿದ್ದು ಚಲೋನ ಆಗೈತಿ. ಹುಟ್ಟಬಾರದಿತ್ತು ಅಂತ ಒಂದ ದಿನಾನೂ ಅನಿಸಿಲ್ಲ." ಮತ್ತೆ ನಿಂತರು. "ದಮ್ಮಿಂದ ಅಷ್ಟ ತ್ರಾಸ ಇಲ್ಲವಾ. ನೀ ಅಂಜೂದು ನೋಡಿ ನೋಡಿ ಭಾಳ ತ್ರಾಸ ಆಗೇತಿ."

ಗಂಡ ಸತ್ತಾಗಲೂ ಅಳಲಿಲ್ಲ ಎಂದು ಊರೆಲ್ಲ ಹೇಳುತ್ತಿದ್ದ ಆ ಹೆಂಗಸು ನಿಂತಲ್ಲೇ ಕುಸಿದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಅಣ್ಣಾರಿಗೆ ಮತ್ತೆ ಕೆಮ್ಮು ಬಂತು. ಅಕ್ಷತಾ ಅಪ್ಪನ ಕಡೆ ಹೋಗಬೇಕೋ ಆಯಿಯ ಕಡೆ ಹೋಗಬೇಕೋ ತಿಳಿಯದೆ ಇಬ್ಬರ ನಡುವೆ ನಿಂತಿದ್ದಳು.